ಬೆಳೆದ ಮೂಳೆ

"ಗುರುಗಳೇ, ಒಳ್ಳೆಯ ಮಾತನ್ನೂ ಸಂಶಯದಿಂದ ನೋಡಬೇಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ನೇಕಾರರ ಊರೊಂದರಲ್ಲಿ ಫಕೀರಪ್ಪನೆಂಬ ಬಣ್ಣಗಾರನಿದ್ದ. ನೂಲಿಗೆ ಕೆಂಪು ಬಣ್ಣ ಹಾಕುವುದು ಅವನ ಕಸುಬು. ಒಂದು ದಿನ ಅವನ ಮೂತ್ರ ಕೆಂಪಾಗಿ ಹೋಯಿತು. ನೋವಿರಲಿಲ್ಲ. "ಮೂವತ್ತು ವರ್ಷ ಬಣ್ಣದಲ್ಲಿ ಕೈಯಾಡಿಸಿದವನಿಗೆ ಇನ್ನೇನಾದೀತು?" ಎಂದು ಹೆಂಡತಿ ಹೊನ್ನವ್ವನ ಮುಂದೆ ನಕ್ಕ. ಮೂರು ದಿನಕ್ಕೆ ತಾನಾಗಿ ನಿಂತಿತು. ಇಬ್ಬರೂ ಮರೆತರು.

ವರ್ಷ ಕಳೆದ ಮೇಲೆ ಮೊಣಕಾಲಿನ ಕೆಳಗೆ ಗಟ್ಟಿಯಾದ ಬಾವು ಎದ್ದಿತು. ಮೂಳೆ ಕಟ್ಟುವ ತಿಪ್ಪಣ್ಣನ ಬಳಿಗೆ ಹೋದ. ತಿಪ್ಪಣ್ಣ ಮೋಸಗಾರನಲ್ಲ. ಸುತ್ತಲಿನ ಹಳ್ಳಿಗಳ ಮುರಿದ ಕೈಕಾಲುಗಳೆಲ್ಲ ಅವನ ಬೆರಳಿಗೆ ಗೊತ್ತು. ಒತ್ತಿ ನೋಡಿ ಹೇಳಿದ: "ಎಂದೋ ಬಿರುಕು ಬಿಟ್ಟಿರಬೇಕು. ಈಗ ಹೊಸ ಮೂಳೆ ಬೆಳೆದು ಕೂಡಿಕೊಳ್ಳುತ್ತಿದೆ. ಸವೆಯುವ ಮೂಳೆಗೆ ಹೆದರಬೇಕು, ಬೆಳೆಯುವ ಮೂಳೆಗೆ ಹೆದರಿಕೆ ಯಾಕಪ್ಪ?"

ಹಚ್ಚಲು ಎಣ್ಣೆ ಕೊಟ್ಟ. ಹೊನ್ನವ್ವ ಐದು ತಿಂಗಳು ತಿಕ್ಕಿದಳು. ಬಾವು ದೊಡ್ಡದಾದಂತೆಲ್ಲ ಮನೆಯವರು ಸಂತೋಷಪಟ್ಟರು. ನೋವು ಹೆಚ್ಚಿದಾಗ, ಕೂಡುವ ಮೂಳೆ ನೋಯದೆ ಇರುತ್ತದೆಯೇ ಎಂದುಕೊಂಡರು.

ಕಾಲು ಊರಲು ಆಗದೆ ಹೋದಾಗ ಪಟ್ಟಣದ ಆಸ್ಪತ್ರೆಗೆ ಒಯ್ದರು. ಎಕ್ಸ್-ರೇಯಲ್ಲಿ ಮೂಳೆಯ ಮೈತುಂಬ ಸೂಜಿಗಳಂತೆ ಹೊಸ ಮೂಳೆ ಎದ್ದು ನಿಂತಿತ್ತು. ಅಲ್ಲಿಯ ವೈದ್ಯರೂ ಅದನ್ನು ಮೂಳೆಯದೇ ಕ್ಯಾನ್ಸರ್ ಎಂದು ತಿಳಿದರು, ಕಾಲು ತೆಗೆಯುವ ಮಾತಾಡಿದರು. ಅದಕ್ಕೂ ಮೊದಲು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಬಂದ ದಿನ ವೈದ್ಯೆಯೊಬ್ಬರು ಹಾಸಿಗೆಯ ಬಳಿ ನಿಂತು ಕೇಳಿದರು: "ಯಜಮಾನರೇ, ಎಂದಾದರೂ ಮೂತ್ರದಲ್ಲಿ ರಕ್ತ ಹೋಗಿತ್ತೇ?"

ಹೊನ್ನವ್ವ ಮುಂದೆ ಬಂದು ಹೇಳಿದಳು: "ಹೋಗಿತ್ತು ತಾಯಿ. ಬಣ್ಣ ಅಂದುಕೊಂಡೆವು."

"ರೋಗ ಹುಟ್ಟಿದ್ದು ಮೂತ್ರಕೋಶದಲ್ಲಿ, ಅಮ್ಮ. ಕಾಲಿಗೆ ಬಂದದ್ದು ಆಮೇಲೆ."

ಕಾಲು ತೆಗೆದು ಪ್ರಯೋಜನವಿರಲಿಲ್ಲ. ರೋಗ ಆಗಲೇ ಬೆನ್ನೆಲುಬಿಗೂ ಏರಿತ್ತು. ಮೂರು ತಿಂಗಳಿಗೆ ಫಕೀರಪ್ಪ ತೀರಿಕೊಂಡ. ತಿಪ್ಪಣ್ಣ ಮಣ್ಣಿಗೆ ಬಂದ. ಹೊನ್ನವ್ವನ ಎದುರು ನಿಂತು, "ಬೆಳೆಯುತ್ತಿದೆ ಎಂದು ನಾನೇ ಹೇಳಿದೆನಲ್ಲವ್ವಾ" ಎಂದ.

ಶಿಷ್ಯ ಕೇಳಿದ: "ಆದರೂ ಆ ಎಣ್ಣೆಯಿಂದ ಕೇಡೇನೂ ಆಗಲಿಲ್ಲವಲ್ಲ, ಗುರುಗಳೇ?"

"ಇಲ್ಲ," ಎಂದರು ಗುರುಗಳು. "ಐದು ತಿಂಗಳು ಯಾರೂ ಇನ್ನೊಂದು ಪ್ರಶ್ನೆ ಕೇಳದಂತೆ ಮಾಡಿತು, ಅಷ್ಟೇ."