ಹನ್ನೊಂದು ಗೂಟ, ಒಂದು ನೂಲು

ಬೆಟ್ಟದ ಮೇಲಿನ ಸಿದ್ಧಮ್ಮನವರ ಆಶ್ರಮಕ್ಕೆ ಶಿಷ್ಯರು ಬರುತ್ತಲೇ ಇದ್ದರು, ಹೋಗುತ್ತಲೇ ಇದ್ದರು. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಮೊದಲ ಮಳೆಗಾಲಕ್ಕೇ ಗಂಟುಮೂಟೆ ಕಟ್ಟುತ್ತಿದ್ದರು.

ನಾಲ್ಕು ವರ್ಷದಿಂದ ಉಳಿದವನು ಫಕೀರಪ್ಪ ಒಬ್ಬನೇ. ಕರಿಮಣ್ಣಿನ ಬಯಲಿನಿಂದ ಬಂದ ಗವಂಡಿ. ಗೋಡೆ ಕಟ್ಟುವ ಕೈ, ಎದುರು ಮಾತಾಡುವ ಬಾಯಿ. ಎರಡೂ ಸುಮ್ಮನಿರುತ್ತಿರಲಿಲ್ಲ.

ಸಿದ್ಧಮ್ಮನವರಿಗೆ ಎಂಬತ್ತರ ಹತ್ತಿರ. ಮಲಗುತ್ತಿದ್ದುದು ಚಾಚಿಕೊಂಡ ಒಂದು ಬಂಡೆಯ ಕೆಳಗೆ. ಹೋದ ಮಳೆಗಾಲದಲ್ಲಿ ಹಿಡಿದ ಕೆಮ್ಮು ಯುಗಾದಿ ಕಳೆದರೂ ಬಿಟ್ಟಿರಲಿಲ್ಲ. ಇನ್ನೊಂದು ಮಳೆಗಾಲವನ್ನು ಅವ್ವ ತಡೆಯಲಾರರು ಎಂದು ಫಕೀರಪ್ಪನಿಗೆ ಭಯ. ಮಳೆ ಹಿಡಿಯುವುದರೊಳಗೆ ಅವರಿಗೊಂದು ಕೋಣೆ ಕಟ್ಟಲೇಬೇಕು ಅಂತ ಹಟ ತೊಟ್ಟ.

ಜಾಗ ಹುಡುಕಿದ. ಸಿಕ್ಕೇಬಿಟ್ಟಿತು. ಇಳಿಜಾರಿನ ನಡುವೆ ಒಂದು ಮಟ್ಟಸ ನೆಲ, ಬೇಸಿಗೆಯಲ್ಲೂ ಹಸಿರು ಹುಲ್ಲು. ಗುದ್ದಲಿ ಇಟ್ಟರೆ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇದು ಹತ್ತಿರದಿಂದಲೂ ನುಣ್ಣಗಿತ್ತು!

ಅಪ್ಪ ಕಲಿಸಿದ್ದ ಪರೀಕ್ಷೆಯನ್ನೂ ಮಾಡಿದ. ಮೊಣಕಾಲುದ್ದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ಗುಂಡಿಗೆ ತುಂಬಿದ. ಮಣ್ಣು ಸಾಲದೆ ಹೋದರೆ ಆ ಜಾಗ ಬೇಡ. ಮಿಕ್ಕಿದರೆ ಪಾಯ ತೆಗೆಯಬಹುದು. ಒಂದು ಬುಟ್ಟಿ ಮಿಕ್ಕಿತು.

ಕುಣಿದುಕೊಂಡು ಬಂದ. “ಅವ್ವಾ, ಮಣ್ಣು ಮಿಕ್ಕೈತ್ರಿ! ನಾಳೀನ ಪಾಯ ತಗೀತೀನಿ.”

ಸಿದ್ಧಮ್ಮನವರು ಕೋಲೂರಿಕೊಂಡು ಬಂದು ನೋಡಿದರು. ಮಿಕ್ಕ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು.

“ಭಾರ ಹೊರ್ತೀನಿ ಅಂತ ಮಣ್ಣು ಹೇಳಿದೆ, ಸರಿ. ಇಲ್ಲೇ ಇರ್ತೀನಿ ಅಂತ ಹೇಳ್ತಾ?”

“ಮಣ್ಣು ಎಲ್ಲಿಗೆ ಹೋಗತೈತ್ರಿ? ಅದಕ್ಕೇನು ಕಾಲು ಅದಾವೇನ್ರಿ?”

“ನಿಮ್ಮ ಬಯಲಲ್ಲಿ ಇಲ್ಲ,” ಅಂದರು ಸಿದ್ಧಮ್ಮನವರು. “ಇಲ್ಲಿನ ಮರಗಳನ್ನು ನೋಡು. ಎಲ್ಲದರ ಬುಡವೂ ಡೊಂಕು. ಯಾಕೆ?”

“ಮರಕ್ಕ ನೂಲು ಹಿಡಿದು ಬೆಳಿ ಅಂತ ಯಾರು ಹೇಳ್ಯಾರ್ರಿ?”

“ಹಾಗಾದರೆ ನೀನೇ ನೂಲು ಹಿಡಿ.”

ಅವ್ವ ಹೇಳಿದಂತೆ ಫಕೀರಪ್ಪ ಆ ನೆಲಕ್ಕೆ ಅಡ್ಡಲಾಗಿ, ನೂಲು ಹಿಡಿದು, ಒಂದೇ ಸಾಲಿಗೆ ಹನ್ನೊಂದು ಗೂಟ ನೆಟ್ಟ. ಮೊದಲನೆಯದು ಈ ಕಡೆಯ ಬಂಡೆಯ ಸಂದಿನಲ್ಲಿ, ಕೊನೆಯದು ಆ ಕಡೆಯ ಬಂಡೆಯ ಸಂದಿನಲ್ಲಿ, ಉಳಿದವು ನಡುವಿನ ಮೆತ್ತನೆ ಮಣ್ಣಿನಲ್ಲಿ. ಒಂದು ಕಣ್ಣು ಮುಚ್ಚಿ ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

“ಮಳೆಗಾಲ ಮುಗಿಯೋ ತನಕ ಇದನ್ನ ಮುಟ್ಟಬೇಡ. ಕೋಣೆ ಆಮೇಲೆ.”

ಫಕೀರಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಮಳಿಗಾಲ ಮುಗಿದ ಮ್ಯಾಲ ಕಟ್ಟಿ ಯಾರನ್ನ ಮಲಗಿಸ್ಲಿ? ನೀವು ಇರಬೇಕಲ್ರಿ!”

ಅಂದವನೇ ನಾಲಿಗೆ ಕಚ್ಚಿಕೊಂಡ.

“ಇದ್ದರೆ ನಾನು ಮಲಗ್ತೀನಿ. ಇಲ್ಲದಿದ್ದರೆ ನೀನು ಮಲಗು,” ಅಂದರು ಸಿದ್ಧಮ್ಮನವರು.

ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಎದ್ದು ಅವ್ವ ಮಲಗುವ ಬಂಡೆಯ ಬಾಯಿಗೆ ಬಿದಿರಿನ ತಟ್ಟಿ ಕಟ್ಟಿದ. ಕಟ್ಟಿಗೆ ಒಟ್ಟಿದ. ಮಳೆ ಶುರುವಾದ ಮೇಲೆ ಒಲೆ ಆರಲು ಬಿಡಲಿಲ್ಲ, ಹೊತ್ತುಹೊತ್ತಿಗೆ ಶುಂಠಿ ಕಷಾಯ ಕುಡಿಸಿದ. ಶ್ರಾವಣದಲ್ಲಿ ಅವ್ವ ಹತ್ತು ದಿನ ಹಾಸಿಗೆಯಿಂದ ಏಳಲಿಲ್ಲ. ಆಗೆಲ್ಲ ಆ ಗೂಟಗಳಿಗೆ ಹಿಡಿಶಾಪ ಹಾಕಿದ. ಹನ್ನೊಂದನೇ ದಿನ ಅವ್ವ ಎದ್ದು ಕೂತು ಗಂಜಿ ಕೇಳಿದಾಗ, ಆಚೆ ಹೋಗಿ ಕಣ್ಣೊರೆಸಿಕೊಂಡು ಬಂದ.

ದೀಪಾವಳಿ ಕಳೆದು ಬಿಸಿಲು ಬಿತ್ತು. ಇಬ್ಬರೂ ಗೂಟಗಳ ಹತ್ತಿರ ಹೋದರು.

ಫಕೀರಪ್ಪ ಮೊದಲ ಗೂಟದಿಂದ ಕೊನೆಯ ಗೂಟಕ್ಕೆ ನೂಲು ಎಳೆದು ಕಟ್ಟಿದ. ಎರಡು ತುದಿಗಳು ಇದ್ದಲ್ಲೇ ಇದ್ದವು. ನಡುವಿನ ಗೂಟಗಳು ನೂಲು ಬಿಟ್ಟು ಕೆಳಕ್ಕೆ ಹೋಗಿದ್ದವು. ತೀರಾ ನಡುವಿನದು ಒಂದು ಮೊಳ ಕೆಳಗಿತ್ತು.

“ನನ್ನ ನೂಲು ತಪ್ಪಿಲ್ರಿ! ಯಾರೋ ಕಿತ್ತು ನೆಟ್ಟಾರ.”

“ಕಿತ್ತು ನೋಡು.”

ಎಳೆದ. ಗೂಟ ಅಲ್ಲಾಡಲಿಲ್ಲ. ಅದರ ಬುಡದ ಸುತ್ತ ಹುಲ್ಲು ಹಾಗೇ ಹೆಣೆದುಕೊಂಡು ಬೆಳೆದಿತ್ತು. ಯಾರೂ ಮುಟ್ಟಿರಲಿಲ್ಲ. ನೆಲವೇ ಗೂಟಗಳನ್ನು ಹೊತ್ತುಕೊಂಡು ಇಳಿದಿತ್ತು.

ಫಕೀರಪ್ಪ ಗೂಟ ಬಿಟ್ಟು ಅವ್ವನ ಕಡೆ ತಿರುಗಿದ. “ನನ್ನ ಕೈಯಾರ ನಿಮ್ಮನ್ನ ಮಣ್ಣಾಗ ಹಾಕತಿದ್ನೆಲ್ರಿ, ಅವ್ವಾ!”

“ಹಾಕಲಿಲ್ಲವಲ್ಲ, ಬಿಡು,” ಅಂದರು ಸಿದ್ಧಮ್ಮನವರು. “ಹಿಂದೆ ಯಾವಾಗಲೋ ಬೆಟ್ಟ ಜಾರಿ ಇಲ್ಲಿ ಬಂದು ಕೂತಿದೆ. ಅದಕ್ಕೇ ಮಟ್ಟ, ಅದಕ್ಕೇ ಮೆತ್ತಗೆ. ಒಳಗೆ ನೀರು ಬೇರೆ ಇದೆ, ಅದಕ್ಕೇ ಹಸಿರು. ಈಗಲೂ ಮೆಲ್ಲಗೆ ಇಳೀತಾನೇ ಇದೆ, ಅದಕ್ಕೇ ಮರಗಳ ಬುಡ ಡೊಂಕು. ಇಲ್ಲಿ ಲಾವಂಚ ನೆಡು. ಅದರ ಬೇರು ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತೆ.”

“ಕೋಣಿ?”

ಅವ್ವ ಕೋಲೆತ್ತಿ ಮೊದಲ ಗೂಟದ ಕಡೆಗೆ ತೋರಿಸಿದರು.

ಅಲ್ಲಿ ಬಂಡೆಯ ಮಗ್ಗುಲಲ್ಲಿ ಅಗಲ ಕಡಿಮೆ, ಹುಲ್ಲಿಲ್ಲ, ಚಂದವಂತೂ ಇಲ್ಲವೇ ಇಲ್ಲ. ಫಕೀರಪ್ಪ ನಾಲ್ಕು ದಿನ ಅಗೆದ. ಇಳಿದದ್ದು ಒಂದು ಗೇಣು. ಐದನೇ ದಿನ ಬೆವರು ಸುರಿಸುತ್ತ ಬಂದು, ಮೊನೆ ಮೊಂಡಾದ ಹಾರೆಯನ್ನು ಅವ್ವನ ಮುಂದೆ ಕೆಡವಿದ.

“ಬೆಟ್ಟ ಅಗೆದು ಇಲಿ ಹಿಡದಂಗಾತ್ರಿ! ಇಂಥಾ ಹಟಮಾರಿ ನೆಲ ನಾ ಎಲ್ಲೂ ಕಂಡಿಲ್ಲ. ಎಷ್ಟು ಬಡದ್ರೂ ಬಗ್ಗೂದಿಲ್ಲ, ಏನು ಹೇಳಿದ್ರೂ ಕೇಳೂದಿಲ್ಲ!”

ಸಿದ್ಧಮ್ಮನವರು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ನೀರು ಕುಡಿದು ಸುಧಾರಿಸಿಕೊಂಡು, ಹಾರೆಯನ್ನು ಅವನ ಕಡೆಗೆ ತಳ್ಳಿದರು.

“ನೀನು ಬಂದ ಮೊದಲ ವರ್ಷ ನಾನೂ ನಿನ್ನನ್ನ ಹೀಗೇ ಬೈಕೊಂಡಿದ್ದೆ ಕಣೋ. ಅಗೆ, ಅಗೆ. ಮನೆ ನಿಲ್ಲೋದು ಇಂಥಲ್ಲೇ.”