ಹಿಮ ಕೊರೆಯುವ ಬೈರಿಗೆ

"ಗುರುಗಳೇ, ಕಲ್ಲಾದ ಮನಸ್ಸನ್ನು ಕೊರೆಯಲು ಎಲ್ಲಕ್ಕಿಂತ ಬಲವಾದ ಸಾಧನ ಯಾವುದು?"

ಕೇಳಿದವನು ಸಂಗಯ್ಯ. ಹನ್ನೊಂದು ವರ್ಷದಿಂದ ಮಠದಲ್ಲಿದ್ದು ಓದಿದವನು. ಅವನ ಕೈಯಲ್ಲಿ ಒತ್ತೊತ್ತಾಗಿ ಬರೆದ ನಾಲ್ಕು ಹಾಳೆಗಳಿದ್ದವು.

"ಯಾರ ಮನಸ್ಸು?" ಎಂದರು ಗುರುಗಳು.

"ನಮ್ಮಕ್ಕನದು."

ಗುರುಗಳಿಗೆ ವಿಷಯ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಸಂಗಯ್ಯ ಹೇಳಿದ. ಏಳು ವರ್ಷದ ಹಿಂದೆ ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಆಗ ಅವನಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಮುಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ. ಪರೀಕ್ಷೆ ಮುಗಿಯುವ ಮೊದಲೇ ತಾಯಿ ತೀರಿಕೊಂಡಳು. ಎರಡು ತಿಂಗಳು ತಾಯಿಯನ್ನು ಎತ್ತಿ ಮಲಗಿಸಿ, ಬಾಯಿಗೆ ನೀರು ಹಾಕಿದವಳು ಅಕ್ಕ ಒಬ್ಬಳೇ. ಮಣ್ಣಾದ ಮರುದಿನ ಊರಿಗೆ ಬಂದ ತಮ್ಮನನ್ನು ಅವಳು ಹೊಸ್ತಿಲಲ್ಲೇ ನಿಲ್ಲಿಸಿ, "ನನಗ ತಮ್ಮ ಅನ್ನಾವ ಇಲ್ಲ, ಹೋಗು" ಎಂದಳು. ಅಂದಿನಿಂದ ಮಾತಿಲ್ಲ.

"ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದೇನೆ" ಎಂದ ಸಂಗಯ್ಯ. "ನನಗೆ ಇರುವವಳು ಅವಳೊಬ್ಬಳೇ. ಈ ಸಲವೂ ಬಾಗಿಲು ಹಾಕಿದರೆ ಇನ್ನೊಮ್ಮೆ ಹೋಗುವ ಧೈರ್ಯ ನನಗಿಲ್ಲ. ಮೂರು ದಾರಿ ಯೋಚಿಸಿ ಬರೆದಿದ್ದೇನೆ. ಶಾಸ್ತ್ರದ ಮಾತು ಹೇಳುವುದು ಒಂದು. ನನ್ನ ಕಡೆಯ ನ್ಯಾಯವನ್ನು ಬಿಡಿಸಿ ಹೇಳುವುದು ಇನ್ನೊಂದು. ಕಾಲು ಹಿಡಿದು ಅಳುವುದು ಮೂರನೆಯದು. ಯಾವುದನ್ನು ಆರಿಸಲಿ?"

"ಏಳು ವರ್ಷದಲ್ಲಿ ಆ ಕಡೆಯಿಂದ ಏನೂ ಸುದ್ದಿಯಿಲ್ಲವೋ?"

"ಇಲ್ಲ. ಆ ಊರಿನ ಬಸ್ಸಿನ ಕಂಡಕ್ಟರ್ ಮಾತ್ರ ಮೂರು ವರ್ಷದಿಂದ ಒಂದೇ ಮಾತು ಹೊತ್ತು ತರುತ್ತಾನೆ. 'ಹೊತ್ತಿಗೆ ಸರಿಯಾಗಿ ಉಣ್ತಾನೇನಂತ ಅವ?' ಎಂದು ಅಕ್ಕ ಕೇಳುತ್ತಾಳಂತೆ. ತಾಯಿಯನ್ನು ಬಿಟ್ಟು ಮಠದ ಕೂಳು ತಿನ್ನುತ್ತಿದ್ದಾನೆ ಎಂದು ಚುಚ್ಚುವುದು, ಅಷ್ಟೇ. ನಾನು ಉತ್ತರ ಹೇಳಿ ಕಳಿಸಿಲ್ಲ."

ಗುರುಗಳು, "ಹಾಳೆ ಪಕ್ಕಕ್ಕಿಡು. ಒಂದು ಕತೆ ಹೇಳುತ್ತೇನೆ" ಎಂದರು.

ಗುರುಗಳು ಒಮ್ಮೆ ಭಕ್ತರೊಬ್ಬರ ಒತ್ತಾಯಕ್ಕೆ ಚಳಿಯ ದೇಶವೊಂದಕ್ಕೆ ಹೋಗಿ ಬಂದಿದ್ದರು. ಅಲ್ಲಿಂದ ಅವರು ತಂದದ್ದು ಎರಡೇ. ಕಿವಿ ಮುಚ್ಚುವ ಒಂದು ಟೋಪಿ, ಮತ್ತು ಈ ಕತೆ. ಟೋಪಿ ನಮ್ಮ ಬಿಸಿಲಿಗೆ ಉಪಯೋಗಕ್ಕೆ ಬರಲಿಲ್ಲ.

"ಮೀನು ಹಿಡಿಯುವವನ ಕತೆ ಇದು. ಮಠದಲ್ಲಿ ಇಂಥ ಕತೆಯೇ ಎಂದು ಮುಖ ಕಿವುಚಬೇಡ. ಕೇಳುವುದಕ್ಕೆ ಹೇಳುತ್ತಿದ್ದೇನೆ, ತಿನ್ನುವುದಕ್ಕಲ್ಲ. ಅವರು ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನಮ್ಮ ಮಾತಿನಲ್ಲೇ ಹೇಳುತ್ತೇನೆ."

ಹೀಗೆಂದು ಅವರು ಶುರು ಮಾಡಿದರು.

ಆ ದೇಶದಲ್ಲಿ ಒಂದು ದೊಡ್ಡ ಕೆರೆ. ಚಳಿಗಾಲ ಬಂದರೆ ಅದರ ನೀರು ಮೇಲಿನಿಂದ ಗಟ್ಟಿಯಾಗಿ ಹಿಮದ ಗಡ್ಡೆಯಾಗುತ್ತದೆ. ಅದರ ಮೇಲೆ ಜನ ನಡೆಯುತ್ತಾರೆ. ಕೆಳಗೆ ನೀರಿರುತ್ತದೆ, ನೀರಿನಲ್ಲಿ ಮೀನು ಇರುತ್ತದೆ. ಬೆಸ್ತರು ಹಿಮದಲ್ಲಿ ಗೇಣಗಲದ ತೂತು ಕೊರೆದು, ಗಾಳ ಇಳಿಸಿ, ಕೂತು ಕಾಯುತ್ತಾರೆ.

ಕೊರೆಯಲು ಅವರ ಹತ್ತಿರ ಇರುವುದು ಬೈರಿಗೆ. ನಮ್ಮ ಬಡಿಗನ ಬೈರಿಗೆಯಂಥದ್ದೇ, ಆದರೆ ಎದೆಯೆತ್ತರ. ಕೈಯಿಂದ ತಿರುಗಿಸಬೇಕು.

ಇನ್ನೊಂದು ಸಾಮಾನು ಹಾರೆ. ಹಿಮದ ಮೇಲೆ ನಡೆಯುವಾಗ ಮುಂದೆ ಹೋಗುವವನು ಹೆಜ್ಜೆ ಇಡುವ ಜಾಗಕ್ಕೆ ಹಾರೆಯಿಂದ ಎರಡು ಸಲ ಬಡಿಯಬೇಕು. ಗಟ್ಟಿ ಸದ್ದು ಬಂದರೆ ಮುಂದಕ್ಕೆ. ಟೊಳ್ಳು ಸದ್ದು ಬಂದರೆ ಹಿಂದಕ್ಕೆ. ಹಿಂದಿನವರು ಅವನನ್ನು ನಂಬಿ ನಡೆಯಬೇಕು. ಆ ಊರಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ನಮ್ಮ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ ಅದು ತಾನಾಗಿ ಬರುತ್ತದೆ.

ಅಲ್ಲಿ ಒಬ್ಬ ಬೆಸ್ತನಿದ್ದ. ಅವನೂ ಅವನ ಹೆಂಡತಿಯೂ ಒಟ್ಟಿಗೆ ಕೆರೆಗೆ ಹೋಗುತ್ತಿದ್ದರು. ಅವನು ಮುಂದೆ ಹಾರೆ ಬಡಿಯುತ್ತ ಹೋದರೆ, ಅವಳು ಸಾಮಾನಿನ ಎಳೆಬಂಡಿಯನ್ನು ಹಗ್ಗ ಹಿಡಿದು ಎಳೆಯುತ್ತ ಹಿಂದೆ ಬರುತ್ತಿದ್ದಳು. ಇಪ್ಪತ್ತೆರಡು ಚಳಿಗಾಲ ಹೀಗೇ ನಡೆಯಿತು. ಆಮೇಲೆ ಅವನ ಬಲಭುಜ ಸೋತಿತು. ಒಂದು ತೂತು ಕೊರೆಯುವಷ್ಟರಲ್ಲಿ ಕಣ್ಣಲ್ಲಿ ನೀರು ಬರತೊಡಗಿತು. ಊರಿನವರು ಯಂತ್ರದ ಬೈರಿಗೆ ತರಲು ಹೇಳಿದರು. ಅದರಲ್ಲಿ ತಪ್ಪೇನಿಲ್ಲ. ನೋಯುವ ಭುಜಕ್ಕೆ ಯಂತ್ರ ಬೇಕು.

ಅವನು ಪೇಟೆಗೆ ಹೋದ. ವರ್ತಕ ಮೂರು ಯಂತ್ರ ತೋರಿಸಿದ. ಪೆಟ್ರೋಲಿನದು ದೊಡ್ಡದೊಂದು, ಚಿಕ್ಕದೊಂದು. ಬ್ಯಾಟರಿಯದು ಒಂದು. ಆಮೇಲೆ ವರ್ತಕ ಒಂದೇ ಪ್ರಶ್ನೆ ಕೇಳಿದ.

"ನಿಮ್ಮ ಕೆರಿ ಹಿಮ ಎಷ್ಟು ದಪ್ಪ ಇರ್ತೈತಿ?"

ಬೆಸ್ತ ತಡಮಾಡಲಿಲ್ಲ. "ಎರಡು ಮೊಳ" ಎಂದ.

ಎರಡು ಮೊಳ ಹಿಮ ಕಟ್ಟಿದ್ದು ಅವನ ಆಯುಷ್ಯದಲ್ಲಿ ಒಂದೇ ಒಂದು ಸಲ. ಆ ವರ್ಷ ಅವನ ಅಂಗೈ ಸುಲಿದುಹೋಗಿತ್ತು. ಬಾಕಿ ವರ್ಷಗಳಲ್ಲಿ ಒಂದು ಮೊಳ, ಕೆಲವು ಕಡೆ ಗೇಣು. ಆದರೆ ಅವನಿಗೆ ನೆನಪಿದ್ದದ್ದು ಆ ಎರಡು ಮೊಳ. ಮನುಷ್ಯನಿಗೆ ನೋವು ಕೊಟ್ಟದ್ದೇ ಕೊನೆಯವರೆಗೆ ಅಳತೆಯಾಗಿ ಉಳಿದುಬಿಡುತ್ತದೆ, ಸಂಗಯ್ಯ. ಅದಕ್ಕೆ ಅವನನ್ನು ಬೈಯಲಾರೆ. ನಾನೂ ಅಷ್ಟೇ, ನೀನೂ ಅಷ್ಟೇ.

ಎರಡು ಮೊಳಕ್ಕೆ ದೊಡ್ಡ ಪೆಟ್ರೋಲ್ ಯಂತ್ರವೇ ಬೇಕು ಎಂದ ವರ್ತಕ. ಬೆಸ್ತ ಅದನ್ನೇ ಹೊತ್ತು ತಂದ.

ಯಂತ್ರ ಚೆನ್ನಾಗಿತ್ತು. ಅದನ್ನು ಹಳಿಯಬಾರದು. ಅರ್ಧ ಗಳಿಗೆ ಹಿಡಿಯುತ್ತಿದ್ದ ತೂತನ್ನು ಅದು ಬಾಯಲ್ಲಿ ಇಪ್ಪತ್ತು ಎಣಿಸುವುದರೊಳಗೆ ಕೊರೆದು ಮುಗಿಸುತ್ತಿತ್ತು. ಅದರ ಸದ್ದು ಆಚೆ ದಡಕ್ಕೆ ಕೇಳಿಸುತ್ತಿತ್ತು. ಊರಿನ ಗಂಡಸರು ಬಂದು ಬಂದು ನೋಡಿ ಹೋದರು. ಬೆಸ್ತ ದಿನಕ್ಕೆ ನಾಲ್ಕು ತೂತು ಕೊರೆಯುತ್ತಿದ್ದವನು ಇಪ್ಪತ್ತು ಕೊರೆದ. ಬೇಕಿರಲಿಲ್ಲ, ಆದರೂ ಕೊರೆದ. ಹೊಸ ಯಂತ್ರ ಕೈಯಲ್ಲಿದ್ದರೆ ಯಾರು ಬಿಡುತ್ತಾರೆ?

ಆದರೆ ಯಂತ್ರ ಭಾರವಿತ್ತು, ಎಳೆಬಂಡಿಗೆ ಹೇರಿದರೆ ಹೆಂಡತಿಗೆ ಎಳೆಯಲಾಗುತ್ತಿರಲಿಲ್ಲ. ಅದನ್ನು ಎಡಹೆಗಲ ಮೇಲೆ ಹೊತ್ತ ಮೇಲೆ ಹಾರೆ ಹಿಡಿಯಲು ಕೈ ಉಳಿಯಲಿಲ್ಲ. ಎರಡನೆಯ ದಿನ ಅವನು ಹಾರೆಯನ್ನು ಮನೆಯ ಗೋಡೆಗೆ ಒರಗಿಸಿ ಹೊರಟ.

"ಹಾರಿ ಬಿಟ್ಟು ಹೊಂಟೀರಲ್ಲ?" ಎಂದಳು ಹೆಂಡತಿ.

"ಹತ್ತು ಕಡೆ ಕೊರದು ನೋಡೀನಿ. ಎಲ್ಲಾ ಕಡೆ ಒಂದ್ ಮೊಳ ಐತಿ. ಇನ್ನೇನು ಬಡದು ನೋಡೂದು? ಬಂಡೆಗಲ್ಲಾಗೈತಿ ಕೆರಿ."

ಅವಳು ಹಾರೆಯನ್ನು ತಾನೇ ತೆಗೆದುಕೊಂಡು ಊರುಗೋಲಿನ ಹಾಗೆ ಹಿಡಿದು ಹಿಂದೆ ನಡೆದಳು. ಅವನು ನಕ್ಕ. "ಈಗಲೇ ಮುದುಕಿ ಆದೆ ನೋಡು" ಎಂದು ಛೇಡಿಸಿದ. ಅವಳೂ ನಕ್ಕಳು. ಆದರೆ ಅವಳು ಬಡಿದು ನೋಡಲಿಲ್ಲ. ಬಡಿಯುವುದು ಮುಂದಿನವನ ಕೆಲಸ. ಅವನು ಕೊರೆದು ನೋಡಿದ್ದಾನೆ ಎಂದು ನಂಬಿದಳು.

ಎರಡು ತಿಂಗಳು ಏನೂ ಆಗಲಿಲ್ಲ. ಚಳಿಗಾಲ ಇಳಿಯತೊಡಗಿತು. ಆ ಕೆರೆಗೆ ಒಂದು ಹಳ್ಳ ಬಂದು ಸೇರುತ್ತದೆ. ಹಳ್ಳದ ಬಾಯಲ್ಲಿ ದೊಡ್ಡ ಮೀನು ಕೂಡುತ್ತವೆ. ಅವನು ಒಂದು ಬೆಳಿಗ್ಗೆ ಅತ್ತ ಹೊರಟ. ದಾರಿಯಲ್ಲಿ ಎರಡು ಕಡೆ ಕೊರೆದು ನೋಡಿದ. ಎರಡೂ ಕಡೆ ಒಂದು ಮೊಳ. ನಿಶ್ಚಿಂತೆಯಿಂದ ಮುಂದೆ ಹೋಗಿ, ಒಳ್ಳೆಯ ಜಾಗ ನೋಡಿ ಯಂತ್ರ ನೆಟ್ಟ.

ಹೆಂಡತಿ ಐವತ್ತು ಹೆಜ್ಜೆ ಹಿಂದಿದ್ದಳು. ಎಳೆಬಂಡಿಗೆ ಹಿಮದ ದಿಬ್ಬ ಅಡ್ಡ ಬಂತು. ಅದನ್ನು ಬಳಸಿಕೊಂಡು ಪಕ್ಕಕ್ಕೆ ಹೋದಳು. ಅಲ್ಲಿ ಕೆಳಗೆ ಹಳ್ಳದ ನೀರು ಹರಿಯುತ್ತಿತ್ತು. ನೀರು ಹರಿಯುವ ಕಡೆ ಹಿಮ ತೆಳ್ಳಗಿರುತ್ತದೆ. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಹಿಮ ಒಡೆಯಿತು. ಅವಳು ಎದೆಯವರೆಗೆ ನೀರಿನಲ್ಲಿ ಮುಳುಗಿದಳು. ಕೈಯಲ್ಲಿದ್ದ ಹಾರೆ ಬಿರುಕಿಗೆ ಅಡ್ಡಲಾಗಿ ಬಿತ್ತು. ಅವಳು ಅದನ್ನು ತಬ್ಬಿ ಹಿಡಿದು ಗಂಡನ ಹೆಸರು ಹಿಡಿದು ಕೂಗಿದಳು.

ಅವನು ಕೊರೆಯುತ್ತಿದ್ದ. ಮೊದಲ ತೂತು ಮುಗಿಯಿತು. ಯಂತ್ರ ನಿಲ್ಲಿಸದೆ ಪಕ್ಕದಲ್ಲಿ ಎರಡನೆಯದಕ್ಕೆ ಇಟ್ಟ. ಅವಳು ಕೂಗಿದಳು. ಮೂರನೆಯದಕ್ಕೆ ಇಟ್ಟ. ಆವತ್ತು ಯಂತ್ರ ಬೆಣ್ಣೆ ಕೊಯ್ದ ಹಾಗೆ ಇಳಿಯುತ್ತಿತ್ತು, ಅವನಿಗೆ ಖುಷಿಯಾಗಿತ್ತು. ನಾಲ್ಕು ತೂತು ಕೊರೆದು ಯಂತ್ರ ನಿಲ್ಲಿಸಿದ. ಆಗ ಕೂಗು ಕೇಳಿಸಿತು. ಕೂಗು ಎನ್ನುವಂತೆಯೂ ಇರಲಿಲ್ಲ ಅದು.

ಅವನು ಓಡಿದ, ಆಮೇಲೆ ಹೊಟ್ಟೆಯ ಮೇಲೆ ತೆವಳಿದ. ಹಾರೆಯ ಒಂದು ತುದಿ ಹಿಡಿದು ಎಳೆದ. ಸೋತ ಭುಜದಿಂದಲೇ ಎಳೆದ. ಅವಳು ಬದುಕಿದಳು. ಎಡಗೈಯ ಎರಡು ಬೆರಳು ಚಳಿಗೆ ಸತ್ತು ಹೋದವು.

ಅವಳು ಅವನಿಗೆ ಒಂದು ಮಾತೂ ಬೈಯಲಿಲ್ಲ. ಹುಷಾರಾದ ಮೇಲೆ ಇಷ್ಟು ಮಾತ್ರ ಹೇಳಿದಳು. "ನಾ ಮೊದಲನೇ ತೂತಿನಾಗಽ ಕರದಿದ್ದೆ."

ಅವನು ಅತ್ತುಬಿಟ್ಟ. ಬೈದಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಮುಂದಿನ ಚಳಿಗಾಲಕ್ಕೆ ಗಂಡ ಹೆಂಡತಿ ಇಬ್ಬರೂ ಪೇಟೆಗೆ ಹೋದರು. ದೊಡ್ಡ ಯಂತ್ರವನ್ನು ವರ್ತಕನ ಮುಂದೆ ಇಟ್ಟು, ಬೇರೆ ಬೇಕು ಎಂದರು. "ಇದು ಕೆಟ್ಟೈತೇನು?" ಎಂದು ವರ್ತಕ ಕೇಳಿದ. "ಏನೂ ಕೆಟ್ಟಿಲ್ಲ, ಭಾಳ ಛಲೋ ಐತಿ" ಎಂದ ಬೆಸ್ತ. ವರ್ತಕ ಮತ್ತೆ ಅದೇ ಪ್ರಶ್ನೆಗೆ ಬಂದ. ನಿಮ್ಮ ಕೆರೆಯ ಹಿಮ ಎಷ್ಟು ದಪ್ಪ?

"ಒಂದೊಂದು ಕಡೆ ಒಂದೊಂದು" ಎಂದ ಬೆಸ್ತ. "ದಪ್ಪದ ಮಾತು ಬಿಡು. ಇದು ಓಡೂವಾಗ ಹಿಂದಿಂದ ಯಾರರ ಕರದರ ನನಗ ಕೇಳಸ್ತೈತೋ ಇಲ್ಲೋ, ಅದನ್ನಷ್ಟು ಹೇಳು."

ವರ್ತಕನಿಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹಾಗಾಗಿ ಅವರೇ ನೋಡಿದರು. ಹೆಂಡತಿ ಬೀದಿಯಲ್ಲಿ ಐವತ್ತು ಹೆಜ್ಜೆ ಆಚೆ ಹೋಗಿ ನಿಂತಳು. ಬೆಸ್ತ ಅವಳಿಗೆ ಬೆನ್ನು ಮಾಡಿ ಒಂದೊಂದೇ ಯಂತ್ರ ಓಡಿಸಿದ. ಅವಳು ಅವನ ಹೆಸರು ಹಿಡಿದು ಕರೆದಳು. ಪೆಟ್ರೋಲಿನ ಚಿಕ್ಕ ಯಂತ್ರಕ್ಕೆ ಅವನು ತಿರುಗಲಿಲ್ಲ. ಬ್ಯಾಟರಿಯದಕ್ಕೆ ತಿರುಗಿದ. ಅದನ್ನೇ ತಂದರು. ಅದು ಹಗುರವಿತ್ತು, ಹೆಂಡತಿಯ ಎಳೆಬಂಡಿಯ ಮೇಲೆ ಹೋಗುತ್ತಿತ್ತು. ಬೆಸ್ತನ ಕೈಗೆ ಹಾರೆ ಮರಳಿ ಬಂತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಸಂಗಯ್ಯ ತಲೆದೂಗಿದ. ಅವನು ಜಾಣ. ಕತೆಯಿಂದ ಏನು ತೆಗೆದುಕೊಳ್ಳಬೇಕೆಂದು ಆಗಲೇ ಯೋಚಿಸಿದ್ದ. ಪಕ್ಕಕ್ಕಿಟ್ಟಿದ್ದ ಹಾಳೆಗಳನ್ನು ಎತ್ತಿಕೊಂಡು ಕೊನೆಯದನ್ನು ಮೇಲಿಟ್ಟ.

"ತಿಳಿಯಿತು ಗುರುಗಳೇ. ಶಾಸ್ತ್ರ ಬೇಡ, ವಾದವೂ ಬೇಡ. ಅವೆರಡಕ್ಕೂ ಸದ್ದು ಜಾಸ್ತಿ. ಮೂರನೆಯದೇ ಸರಿ. ಕಾಲು ಹಿಡಿಯುತ್ತೇನೆ. ಆಗ ಆಡಬೇಕಾದ ಮಾತನ್ನು ಇಲ್ಲಿ ಬರೆದಿದ್ದೇನೆ, ಒಮ್ಮೆ ಓದಿ ಹೇಳಲೇ?"

ಗುರುಗಳು ಕೈ ಚಾಚಿ ಆ ಹಾಳೆಯ ಮೇಲೆ ಅಂಗೈ ಇಟ್ಟರು.

"ಮೂರು ವರ್ಷದಿಂದ ಅಕ್ಕ ಹಿಂದಿನಿಂದ ಕರೆಯುತ್ತಿದ್ದಾಳೆ ಸಂಗಯ್ಯ, ನೀನು ಇನ್ನೂ ಬೈರಿಗೆ ಆರಿಸುತ್ತ ನಿಂತಿದ್ದೀಯಲ್ಲ."