ಒಂದೂ ಚುಕ್ಕೆಯಿಲ್ಲದ ತಟ್ಟೆ

ಹೊಳೆಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ಭಜನೆಯೂ ನಡೆಯುತ್ತಿತ್ತು, ಸುತ್ತಲ ಊರುಗಳ ಕುಡಿಯುವ ನೀರಿನ ಪರೀಕ್ಷೆಯೂ ನಡೆಯುತ್ತಿತ್ತು.

ನೀರಿನ ಲ್ಯಾಬು ವನಮಾಲಮ್ಮನವರದು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾತು ಕಮ್ಮಿ. ಆಡಿದ ಒಂದು ಮಾತು ಅರ್ಥವಾಗಬೇಕಾದರೂ ಕೇಳಿದವರು ಊಟ ಮುಗಿಸಿ ಕೈ ತೊಳೆಯಬೇಕಾಗುತ್ತಿತ್ತು.

ಅವರ ಹತ್ತಿರ ಕೆಲಸ ಕಲಿಯಲು ಬಂದವನು ತಿಪ್ಪೇಶ. ಪಿಯುಸಿಯಲ್ಲಿ ಸೈನ್ಸ್ ಓದಿ ಪಾಸಾಗಿದ್ದ. ವಿಜ್ಞಾನಿ ಆಗಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಮುಂದೆ ಓದಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಇಲ್ಲಿ ಕಲಿತು ಟೆಕ್ನಿಷಿಯನ್ ಆದರೆ ಒಂದು ದಾರಿ. ವನಮಾಲಮ್ಮ ಬೇಡವೆಂದರೆ ಚಿಕ್ಕಪ್ಪನ ಇಟ್ಟಿಗೆ ಗೂಡೇ ಗತಿ.

ಬಂದಾಗಿನಿಂದ ಅವನಿಗೆ ಸಿಕ್ಕ ವಿಜ್ಞಾನವೆಂದರೆ ಬಾಟಲಿ ತೊಳೆಯುವುದು.

"ಅಮ್ಮ, ಪರೀಕ್ಷೆ ಮಾಡೋದು ಯಾವಾಗ ಕಲಿಸ್ತೀರಿ?"

"ಕಲಿಸ್ತಾ ಇದೀನಲ್ಲ."

ಒಂದು ದಿನ ಅವನು ತೊಳೆದಿಟ್ಟ ಬಾಟಲಿಯೊಂದನ್ನು ವನಮಾಲಮ್ಮ ಬೆಳಕಿಗೆ ಹಿಡಿದರು. ತಳದಲ್ಲಿ ಮಸುಕಾದ ಕಲೆಯೊಂದು ಕೂತಿತ್ತು.

"ಇದರಲ್ಲಿ ಹೋದ ವಾರದ ಊರು ಇನ್ನೂ ಕೂತಿದೆ ಕಣಪ್ಪ" ಎಂದು ವಾಪಸು ಕೊಟ್ಟರು.

ತಿಪ್ಪೇಶನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಇನ್ನು ಇವರಿಂದ ಒಂದು ಮಾತು ಕೇಳಿಸಿಕೊಂಡರೆ ಕೇಳಿ ಎಂದು ಹಟ ಹಿಡಿದ. ಅಂದಿನಿಂದ ಅವನ ಬಾಟಲಿಗಳು ಫಳಫಳ ಹೊಳೆಯತೊಡಗಿದವು. ಅಮ್ಮ ಚೆನ್ನಾಗಿದೆ ಎನ್ನಲಿಲ್ಲ, ಆದರೆ ಒಂದನ್ನೂ ವಾಪಸು ಕೊಡಲಿಲ್ಲ.

ಕೊನೆಗೊಮ್ಮೆ ಕರೆದರು.

"ಹಾಸ್ಟೆಲ್ ಮಕ್ಕಳಿಗೆ ಭೇದಿ ಹತ್ತಿಕೊಂಡಿದೆ. ಅಲ್ಲಿನ ಬಾವಿಯ ಮುಚ್ಚಳಕ್ಕೆ ಬೀಗ ಹಾಕಿಸಿದೀನಿ. ಹೋಗಿ ಬಾವಿ ನೀರು ತಾ. ಪರೀಕ್ಷೆ ಪೂರಾ ನೀನೇ ಮಾಡು. ಹಾಗೇ ಒಂದು ಬಾಟಲಿ ಹೊಳೆ ನೀರೂ ತಾ."

"ಹೊಳೆ ನೀರು ಕೆಟ್ಟಿದೆ ಅಂತ ಎಲ್ಲರಿಗೂ ಗೊತ್ತಲ್ಲಮ್ಮ?"

"ಗೊತ್ತಿರೋದಕ್ಕೇ ತಾ ಅಂದಿದ್ದು."

ತಿಪ್ಪೇಶ ತಂದ. ಮೈಯೆಲ್ಲ ಕಣ್ಣಾಗಿ ಒಂದೊಂದು ನೀರನ್ನೂ ಒಂದೊಂದು ಗಾಜಿನ ತಟ್ಟೆಗೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ. ನೀರಿನಲ್ಲಿ ರೋಗಾಣು ಇದ್ದರೆ ಮಾರನೇ ದಿನ ತಟ್ಟೆಯ ಮೇಲೆ ಚುಕ್ಕೆ ಏಳುತ್ತವೆ.

ಮಾರನೇ ದಿನ ಬಾವಿ ನೀರಿನ ತಟ್ಟೆಯಲ್ಲಿ ಒಂದೂ ಚುಕ್ಕೆಯಿರಲಿಲ್ಲ.

ಹಾಸ್ಟೆಲಿನ ವಾರ್ಡನ್ ಗಂಗಾಧರಪ್ಪ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಮಕ್ಕಳು ಆಚೆ ಊರಿನ ಬೋರ್‌ವೆಲ್ಲಿಂದ ಕೊಡ ಹೊತ್ತು ಹೊತ್ತು ಸುಸ್ತಾಗಿದ್ದರು.

"ನೀರು ಶುದ್ಧವಾಗಿದೆ ಸಾರ್" ಎಂದ ತಿಪ್ಪೇಶ, ಹಿಗ್ಗಿ ಹೀರೇಕಾಯಿಯಾಗಿ.

"ಅಬ್ಬಾ, ಬದುಕಿಸಿದೆ ಮಾರಾಯ. ಹಾಗಾದ್ರೆ ಬೀಗ ತೆಗೆಸ್ತೀನಿ" ಎಂದು ಅವರು ಎದ್ದೇಬಿಟ್ಟರು.

"ಕೂತ್ಕೊಳ್ಳಿ" ಎಂದರು ವನಮಾಲಮ್ಮ. ತಿಪ್ಪೇಶನ ಕಡೆ ತಿರುಗಿದರು. "ಹೊಳೆ ನೀರಿನ ತಟ್ಟೆ?"

"ಅದೂ ಶುದ್ಧ ಅಮ್ಮ."

ಅವರು ಕಿಟಕಿ ತೆರೆದರು. ಹೊಳೆಯಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿ ಸುಖವಾಗಿದ್ದವು. ಪಕ್ಕದಲ್ಲೇ ಒಬ್ಬ ಕಂಬಳಿ ಒಗೆಯುತ್ತಿದ್ದ.

"ಅವರಿಗೂ ಒಂದು ಮಾತು ಹೇಳಿಬಿಡು" ಎಂದರು.

ತಿಪ್ಪೇಶ ಎರಡೂ ತಟ್ಟೆಗಳನ್ನು ಮತ್ತೆ ನೋಡಿದ. ಹೊಳೆ ನೀರನ್ನೇ ಶುದ್ಧವೆನ್ನುವ ಪರೀಕ್ಷೆ, ಬಾವಿ ನೀರನ್ನು ಶುದ್ಧವೆಂದರೆ ಅದಕ್ಕೇನು ಬೆಲೆ?

"ರಾತ್ರಿ ಕರೆಂಟು ಹೋಗಿತ್ತಲ್ಲ, ಪೆಟ್ಟಿಗೆ ತಣ್ಣಗಾಗಿರುತ್ತೆ" ಎಂದರು ಗಂಗಾಧರಪ್ಪ. "ಹುಡುಗನ ತಪ್ಪೇನಿದೆ ಬಿಡಿ."

ತಪ್ಪಿಸಿಕೊಳ್ಳಲು ಬಾಗಿಲು ತಾನಾಗಿ ತೆರೆದಿತ್ತು. ಹೌದು ಎಂದರೆ ಮುಗಿಯಿತು. ಕರೆಂಟನ್ನು ಯಾರೂ ಊರಿಗೆ ಅಟ್ಟುವುದಿಲ್ಲ. ಆದರೆ ಅದೇ ಬಾಟಲಿಗಳಲ್ಲಿ ನಾಳೆ ಮತ್ತೆ ಅದೇ ಬಾವಿಯ ನೀರು ತುಂಬುತ್ತದೆ.

"ಕರೆಂಟು ಹೋಗಿದ್ದು ಒಂದು ಗಳಿಗೆ ಸಾರ್, ಪೆಟ್ಟಿಗೆ ಬೆಚ್ಚಗೇ ಇತ್ತು. ನಾನೇ ಕೆಡಿಸಿದ್ದು" ಎಂದ. "ಬಾಟಲಿ ಕುದಿಸಿ ತೆಗೆದ ಮೇಲೆ ಇನ್ನೂ ಚೊಕ್ಕ ಆಗ್ಲಿ ಅಂತ ಬ್ಲೀಚಿಂಗ್ ಪೌಡರ್ ನೀರು ಹಾಕಿ ಕುಲುಕಿ ಚೆಲ್ಲಿದ್ದೆ. ತಳದಲ್ಲಿ ಉಳಿದಿರುತ್ತೆ. ನೀರಿನಲ್ಲಿದ್ದ ರೋಗಾಣು ತಟ್ಟೆಗೆ ಬರೋ ಮೊದಲೇ ಬಾಟಲಿಯಲ್ಲೇ ಸತ್ತಿವೆ."

"ಯಾರು ಹೇಳಿದ್ರು ಹಾಗೆ ಮಾಡು ಅಂತ?" ಎಂದರು ವನಮಾಲಮ್ಮ.

"ಯಾರೂ ಇಲ್ಲ. ನೀವು ಮತ್ತೆ ಬಾಟಲಿ ವಾಪಸು ಕೊಡಬಾರದು ಅಂತ..."

ಗಂಗಾಧರಪ್ಪನವರ ಮುಖ ಗಂಟಾಯಿತು. ಬೀಗ ಹಾಗೇ ಇರಲಿ, ನಾಳೆ ಬನ್ನಿ ಎಂದು ವನಮಾಲಮ್ಮ ಅವರನ್ನು ಕಳಿಸಿದರು.

ಅವರ ಬೈಕು ತಿರುವು ದಾಟಿದ ಮೇಲೆ ತಿಪ್ಪೇಶ ಅಲ್ಲೇ ಕುಸಿದು ಕೂತ. ಬೀಗ ತೆಗೆದಿರಲಿಲ್ಲ. ಯಾವ ಮಗುವೂ ಆ ನೀರು ಕುಡಿದಿರಲಿಲ್ಲ. ಹೋದ ಜೀವ ಬಂದಂತಾಗಿ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿಸಿ, ಒಳಗೆ ಹೋಗಿ ತನ್ನ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

"ಎಲ್ಲಿಗೆ?"

"ಊರಿಗೆ ಅಮ್ಮ. ಚಿಕ್ಕಪ್ಪನ ಗೂಡಿಗೆ."

"ಹಾಸ್ಟೆಲ್ ದಾರಿಯಲ್ಲೇ ಇದೆಯಲ್ಲ. ಬಾವಿ ನೀರು ತಂದುಕೊಟ್ಟು ಹೋಗು. ಬಾಟಲಿ ನಾನು ತೊಳೆದು ಕುದಿಸಿದೀನಿ, ನೋಡ್ಕೋ."

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೂಸಿಯೂ ನೋಡಿದ. ಆಮೇಲೆ ಹೊರಟ. ನೀರು ತಂದವನು ಊರಿಗೆ ಹೋಗುವ ಮಾತನ್ನು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಹೊಳೆ ನೀರನ್ನು ಮಾತ್ರ ಈ ಸಲ ಯಾರೂ ಹೇಳದೆ ತಾನೇ ತಂದಿಟ್ಟ.

ಮರುದಿನ ಪೆಟ್ಟಿಗೆ ತೆರೆದರೆ ಹೊಳೆಯ ತಟ್ಟೆಯಲ್ಲಿ ಚುಕ್ಕೆಗಳ ಜಾತ್ರೆ. ಬಾವಿಯ ತಟ್ಟೆಯೂ ಕಮ್ಮಿಯೇನಿರಲಿಲ್ಲ.

"ಅಮ್ಮ, ಬಾವಿ ನೀರು ಕೆಟ್ಟಿದೆ" ಎಂದು ತಿಪ್ಪೇಶ ನಗುನಗುತ್ತಾ ಓಡಿ ಬಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಗು, ಪರವಾಗಿಲ್ಲ. ಈಗ ಔಷಧಿ ಮಾಡಬಹುದು" ಎಂದರು ವನಮಾಲಮ್ಮ. "ನಿನ್ನ ಬ್ಲೀಚಿಂಗ್ ಪೌಡರನ್ನು ಬಾವಿಗೆ ಹಾಕಿಸೋಣ."

ಅಷ್ಟರಲ್ಲಿ ಗಂಗಾಧರಪ್ಪ ಬಂದರು. ವನಮಾಲಮ್ಮ ವರದಿಯನ್ನು ತಿಪ್ಪೇಶನ ಮುಂದೆ ಸರಿಸಿ, ಪೆನ್ನನ್ನೂ ಅವನ ಕೈಗೇ ಕೊಟ್ಟರು. ಪರೀಕ್ಷೆ ಮಾಡಿದವರು ಎಂಬಲ್ಲಿ ಅವನು ಮೊದಲ ಸಲ ತನ್ನ ಹೆಸರು ಬರೆದ. ಅಕ್ಷರ ಸೊಟ್ಟಗಾಯಿತು.

ಗಂಗಾಧರಪ್ಪ ಕಾಗದ ನೋಡಿದರು, ಹುಡುಗನನ್ನು ನೋಡಿದರು.

"ಏನಮ್ಮಾ ಇದು? ನಿನ್ನೆ ಶುದ್ಧ ಅಂದವನೂ ಇವನೇ, ಇವತ್ತು ಕೆಟ್ಟಿದೆ ಅನ್ನೋನೂ ಇವನೇ. ಇವನ ಮಾತನ್ನು ನಾನು ಹೇಗೆ ನಂಬಲಿ?"

ವನಮಾಲಮ್ಮ ಹೇಳಿದರು: "ನೀವು ನೆಪ ಕೊಟ್ಟರೂ ತಗೊಳ್ಳಲಿಲ್ಲ ಇವನು. ನಂಬೋಕೆ ನಿಮಗೆ ಇನ್ನೆಂಥವನು ಬೇಕು?"